ಮೂರೂಕಾಲು ಆಯ್ತು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.50

ಮತ್ತೆ ಕಬ್ಬಿಣದ ಗೋಪುರ. ಇನ್ನೂರ ಹನ್ನೊಂದನೇ ಸಲ. ಗೋಪುರದೊಡೆಯ ಅದೇ ಭಾಷಣ ಬಿಗಿದ, ಅದೇ ಜಾಗದಲ್ಲಿ ಬಿದ್ದ. ಸಿಕ್ಕಿದ್ದು ಕೈಗವಸು. ಆಗಲೇ ಹನ್ನೊಂದು ಜೊತೆ ಇವೆ. ಇರುವುದು ಎರಡೇ ಕೈ.

ಅರವತ್ತನೇ ಲೆವೆಲ್ ಮುಗಿದ ಮೇಲೆ ಈ ಆಟದಲ್ಲಿ ಉಳಿಯುವುದು ಇಷ್ಟೇ. ಹೆಸರಿಗೆ ಸೂಪರ್‌ಹೀರೊ, ಮಾಡುವುದು ಪಾಳಿ ಕೆಲಸ. ಫೋರಂನಲ್ಲಿ ಇವತ್ತೂ ಅದೇ ಜಗಳ. ಅರ್ಧ ಜನ — ಕೊನೆಯಲ್ಲಿ ಕಥೆ ಕೊಡಿ. ಇನ್ನರ್ಧ — ಕಥೆ ಯಾರಿಗೆ ಬೇಕು, ಇನ್ನೂ ಕಷ್ಟದ ಬಾಸ್, ಗೋಪುರದೊಡೆಯನಂಥ ರಾಕ್ಷಸ, ಕೊಡಿ. ನಾನು ಕಥೆಯ ಕಡೆ. ಗೋಡೆ ಬಾಸ್ ಕಡೆ. ಗೋಡೆ ಎಂದರೆ ನಾಲ್ಕು ವರ್ಷದಿಂದ ನನ್ನ ಜೊತೆ ಆಡುವವನು. ಎಲ್ಲರ ಏಟೂ ತಾನೇ ತಿನ್ನುತ್ತಾನೆ, ಅದಕ್ಕೆ ಆ ಹೆಸರು. ಮುಖ ನೋಡಿಲ್ಲ, ದನಿ ಕೇಳಿಲ್ಲ. ಮೈಕ್ ಕೆಟ್ಟಿದೆ ಎಂದು ಟೈಪ್ ಮಾಡುತ್ತಾನೆ. ನಾಲ್ಕು ವರ್ಷದಿಂದ ಕೆಟ್ಟೇ ಇದೆ.

ಅಮ್ಮ ಅಡುಗೆಮನೆಯಿಂದ: "ಊರು ಉಳಿಸಿದ್ದು ಸಾಕು, ಸ್ನಾನಕ್ಕೆ ಹೋಗು."

ಕುರ್ಚಿ ಮತ್ತೆ ತಗ್ಗಿದೆ. ನಿನ್ನೆ ಏರಿಸಿದ್ದೆ. ಒಳಗಿನ ಗ್ಯಾಸ್ ಹೋಗಿರಬೇಕು.

ಮಾರ್ಚ್ 6, ಗುರುವಾರ. ರಾತ್ರಿ ಊಟಕ್ಕೆ ಮೊದಲು

ಲ್ಯಾಬಿನಲ್ಲಿ ಇವತ್ತು ಮೂರು ಸೆಟ್ ಕೃತಕ ಹಲ್ಲು. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ ಕಣ್ಣು ಉರಿ.

ಫೋರಂನಲ್ಲಿ ಗದ್ದಲ. ಕಥೆ ಕೊಡಿ ಎಂದು ಬಡಿದುಕೊಂಡದ್ದಕ್ಕೆ ಕಂಪನಿ ಹೋದ ತಿಂಗಳು ಒಂದು ಸೌಲಭ್ಯ ಬಿಟ್ಟಿತ್ತು — ನೀವೇ ಕಥೆ ಬರೆಯಿರಿ, ನೀವೇ ಆಡಿರಿ. ಬಂದದ್ದೆಲ್ಲ ಕಸ. ಈಗ ಒಂದು ಎದ್ದಿದೆ. ಹೆಸರು "ಕೊನೆಯ ಕೋಣೆ". ಬರೆದವರ ಐಡಿ: ಹೊಸಬರು68. ಕಥೆ ಚೆನ್ನಾಗಿದೆ, ಕೊನೆ ಇಲ್ಲ ಎಂದು ದೂರು. "ಬಾಸ್ ಎಲ್ಲಿ?" "ಬರೀ ಬಾಗಿಲು ಇಟ್ಟು ಮೋಸ." "ಎರಡು ಗಂಟೆ ಅಳಿಸಿ ಕೊನೆಗೆ ಕೈ ಎತ್ತಿದ್ದಾರೆ." ಶನಿವಾರ ನೋಡಬೇಕು.

ಅಮ್ಮ ಟ್ಯಾಬ್ ಹಿಡಿದು ಕೂತಿದ್ದಾಳೆ. ಟೈಪಿಸ್ಟ್ ಕೆಲಸದಿಂದ ಅರವತ್ತಕ್ಕೆ ನಿವೃತ್ತಿಯಾಗಿ ಎಂಟು ವರ್ಷ. ಹಗಲೆಲ್ಲ ಅಡುಗೆ ವಿಡಿಯೊ ನೋಡುತ್ತಾಳಂತೆ. ಅಡುಗೆ ಮಾತ್ರ ಹಳೆಯದೇ.

ಮಾರ್ಚ್ 8, ಶನಿವಾರ. ಬೆಳಿಗ್ಗೆ 8.15

ಆದದ್ದು ಆದ ಹಾಗೆ ಬರೆಯುತ್ತೇನೆ.

"ಕೊನೆಯ ಕೋಣೆ"ಗೆ ನಾನು, ಗೋಡೆ ಇಬ್ಬರೂ ಹೋದೆವು. ಕಥೆಯಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ. ಇಬ್ಬರಿಗೂ ಹಾರಲು ಬರುತ್ತದೆ. ಮನೆಯಲ್ಲಿ ಉಕ್ಕಿನ ರಾಣಿ ಎಂಬ ದುಷ್ಟೆ. ಅವಳ ಕಣ್ಣಿಗೆ ಬೀಳದೆ ಕಿಟಕಿಯಿಂದ ಹಾರಿ ಊರು ಕಾಯಬೇಕು. ನಗುತ್ತಾ ಆಡುತ್ತಿದ್ದೆ. ರಾಣಿ ಬರುವ ಸದ್ದಾಯಿತು. ತಮ್ಮ ಪಿಸುಗುಟ್ಟಿದ:

"ಅಕ್ಕಾ, ಮೂರೂಕಾಲು ಆಯ್ತು. ಹೊರಡು."

ಕೀಬೋರ್ಡ್ ಮೇಲಿನ ಕೈ ಹಾಗೇ ನಿಂತಿತು. ನನ್ನ ಹೀರೊ ಸತ್ತಳು.

ಅದು ನಮ್ಮ ಮನೆಯ ಮಾತು. ಹಳೆಯ ಮನೆಯ ಅಡುಗೆಮನೆ ಗಡಿಯಾರ ಮೂರೂಕಾಲಿಗೆ ನಿಂತುಹೋಗಿತ್ತು. ಎರಡು ಮುಳ್ಳೂ ಒಂದರ ಮೇಲೊಂದು ಒತ್ತಿಕೊಂಡು — ಸಿಟ್ಟು ಬಂದಾಗ ಅಮ್ಮ ತುಟಿ ಒತ್ತಿ ಹಿಡಿಯುವ ಹಾಗೆ. ಅಪ್ಪ ಕಂಡುಹಿಡಿದದ್ದು. ಅಂದಿನಿಂದ "ಮೂರೂಕಾಲು ಆಯ್ತು" ಎಂದರೆ ಅಮ್ಮನಿಗೆ ಸಿಟ್ಟು ಬಂದಿದೆ, ಜಾಗ ಖಾಲಿ ಮಾಡಿ ಎಂದರ್ಥ. ಅಮ್ಮನ ಎದುರಿಗೇ ಹೇಳುತ್ತಿದ್ದೆವು. ಗಂಟೆ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದಳು, ಪಾಪ.

ಗೊತ್ತಿದ್ದವರು ಮೂರೇ ಜನ. ಅಪ್ಪ ಇಲ್ಲ. ನಾನು ಬರೆದಿಲ್ಲ.

ಉಳಿದವನು ಅವನು.

ಮಾರ್ಚ್ 9, ಭಾನುವಾರ

ತಮ್ಮ ನನ್ನೊಡನೆ ಮಾತು ಬಿಟ್ಟು ಆರು ವರ್ಷ. ಅಮ್ಮನಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಆಗ ನಾನು ಬಾಲ್ಕನಿಗೆ ಹೋಗಿ ಬಟ್ಟೆ ತೆಗೆಯುತ್ತೇನೆ. ಒಣಗಿರಲಿ, ಇಲ್ಲದಿರಲಿ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅವನು ದೂರದ ಊರಲ್ಲಿ ಕೆಲಸದಲ್ಲಿದ್ದ. ಫೋನ್ ಮಾಡಿ ಬರಲಾ ಎಂದು ಕೇಳಿದ. "ಆರಾಮಾಗಿದ್ದಾರೆ, ನಿಧಾನಕ್ಕೆ ಬಾ" ಅಂದೆ. ಗಾಬರಿಯಾಗದಿರಲಿ ಎಂದು ಹೇಳಿದ ಮಾತು. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ನಂಗೆ ಕೊನೇನೇ ಸಿಗದ ಹಾಗೆ ಮಾಡ್ಬಿಟ್ಟೆ" ಅಂದ. ಅದೇ ಕಡೆಯ ಮಾತು. ಈ ಆಟ ಕಲಿಸಿದ್ದೂ ಅವನೇ. ತನ್ನ ಅಕೌಂಟ್ ಅಳಿಸಿ ಹೋದ.

ಈಗ ಕೊನೆಯಿಲ್ಲದ ಕಥೆ ಬರೆದು ಊರೆಲ್ಲ ಹಂಚುತ್ತಿದ್ದಾನೆ. ನನಗೇ ಗೊತ್ತಾಗಲಿ ಎಂದು.

ಇನ್ನೊಂದು ಅನುಮಾನ, ಬೆಳಿಗ್ಗೆಯಿಂದ ಕೊರೆಯುತ್ತಿದೆ. ಗೋಡೆ. ನಾಲ್ಕು ವರ್ಷ ಮೈಕ್ ಕೆಟ್ಟಿರುತ್ತದೆಯೇ? ನನ್ನ ಮೇಲೆ ಬೀಳುವ ಏಟೆಲ್ಲ ತಾನು ತಿನ್ನುವವನು, ದನಿ ಯಾಕೆ ಬಚ್ಚಿಡಬೇಕು?

68 ಏನು? ಅವನ ಗಾಡಿ ನಂಬರ್ ಅಲ್ಲ. ಹುಟ್ಟಿದ ದಿನವೂ ಅಲ್ಲ.

ಮಾರ್ಚ್ 11, ಮಂಗಳವಾರ. ಬೆಳಿಗ್ಗೆ 6.30

ಬಲೆ ಬೀಸಿದೆ. ಆಟದ ನಡುವೆ ಗೋಡೆಗೆ ಕೇಳಿದೆ: ಗಂಟೆ ಎಷ್ಟು?

"ಆರೂ ಇಪ್ಪತ್ತು. ನಿಮ್ಮ ಸ್ಕ್ರೀನಲ್ಲೇ ಇದೆಯಲ್ಲ ಮೇಡಂ."

ನಿಜವಾಗಿ ಗೊತ್ತಿಲ್ಲದವನೂ ಹೀಗೇ ಹೇಳುತ್ತಾನೆ. ಪಕ್ಕಾ ಕಳ್ಳನೂ ಹೀಗೇ ಹೇಳುತ್ತಾನೆ.

ಆ ಬಾಗಿಲ ತನಕ ಹೋದೆವು. ಮುಂದೆ ಎರಡು ಕಲ್ಲು, ಮೇಲೆ ಎರಡು ದೀಪ. ಇಬ್ಬರು ನಿಂತರೆ ಒಂದೇ ಪ್ರಶ್ನೆ ಬರುತ್ತದೆ — ಗಂಟೆ ಎಷ್ಟು? ಇಬ್ಬರೂ ಸರಿ ಉತ್ತರ ಕೊಟ್ಟರೆ ತೆರೆಯುತ್ತದಂತೆ. ಫೋರಂನವರು ಹನ್ನೆರಡರಿಂದ ಹನ್ನೆರಡರವರೆಗೆ ಅಂಕಿಯಲ್ಲಿ ಹಾಕಿ ಸೋತಿದ್ದಾರೆ. ಅಕ್ಷರದಲ್ಲಿ ಹಾಕಬೇಕು ಎಂದು ಯಾರಿಗೆ ಹೊಳೆಯಬೇಕು. ನನಗೆ ಗೊತ್ತು. ಹಾಕಲಿಲ್ಲ. ಅವನ ಬಲೆಗೆ ನಾನೇ ಹೋಗಿ ಬೀಳಲೇ?

ಬಲಗಡೆ ಕಲ್ಲಿನ ಮೇಲೆ ಒಬ್ಬ ನಿಂತಿದ್ದ. ಬೂದು ಬಟ್ಟೆ, ಹೆಗಲಿಗೆ ಹೀರೊಗಳ ವಸ್ತ್ರವೂ ಇಲ್ಲ. ಒಂದನೇ ಲೆವೆಲ್. ಮಾತಾಡುವುದಿಲ್ಲ. ದಿನಾ ಬೆಳಿಗ್ಗೆ ಇರುತ್ತಾನಂತೆ, ಅಲಂಕಾರಕ್ಕಿಟ್ಟ ಬೊಂಬೆ ಎನ್ನುತ್ತಾರೆ ಕೆಲವರು. ಕಾವಲಿಗಿಟ್ಟದ್ದು ಎಂದು ನನಗೆ ಅನಿಸಿತು. ಬೇಗ ಹೊರಬಂದೆ.

ಸಂಜೆ

ಲ್ಯಾಬಿನಲ್ಲಿ ಎಡದ ಕೋರೆಹಲ್ಲು ಬಲಕ್ಕೆ ಕೂರಿಸಿದ್ದೆ. ಹದಿನೈದು ವರ್ಷದಲ್ಲಿ ಮೊದಲ ಸಲ. ಯಜಮಾನರು ಅಚ್ಚು ಎತ್ತಿ ಬೆಳಕಿಗೆ ಹಿಡಿದು, "ಯಾರ ಹಲ್ಲು ಮುರೀಬೇಕು ಅಂತ ಕೂತಿದೀಯಮ್ಮಾ?" ಅಂದರು.

ಮಾರ್ಚ್ 15, ಶನಿವಾರ

ತಡೆಯಲಾಗಲಿಲ್ಲ. ಕಥೆಯ ಕೆಳಗೆ ಬರೆದೆ: "ಕೊನೆ ಬರೆಯಲು ಧೈರ್ಯವಿಲ್ಲದವರು ಕಥೆ ಶುರು ಮಾಡಬಾರದು. ಮನೆಯ ಮಾತನ್ನು ಬೀದಿಗೆ ತರಬಾರದು."

ಹತ್ತೇ ನಿಮಿಷದಲ್ಲಿ ಉತ್ತರ ಬಂತು. ಕಾಪಿ ಮಾಡಿ ಪ್ರಿಂಟ್ ತೆಗೆದು ಇಲ್ಲಿ ಅಂಟಿಸಿದ್ದೇನೆ:

"ತಮ್ಮ ಅಭಿಪ್ರಾಯ ತಲುಪಿತು.  ಬಾಗಿಲು ಸರಿಯಾಗಿಯೇ ಇದೆ.  ಬರಬೇಕಾದವರು ಬಂದಿಲ್ಲ."

ತಮ್ಮ! ಬಹುವಚನ ಕೊಟ್ಟ ಹಾಗೂ ಆಯಿತು, ಸಹಿ ಹಾಕಿದ ಹಾಗೂ ಆಯಿತು. ಎಷ್ಟು ಕೊಬ್ಬು. ಇನ್ನು ಯಾವ ಸಾಕ್ಷಿ ಬೇಕು? ಕಂಪ್ಯೂಟರ್ ಆರಿಸಿ ಪ್ಲಗ್ಗೇ ಕಿತ್ತೆ. ಇನ್ನು ಆ ಕಡೆ ತಲೆ ಹಾಕುವುದಿಲ್ಲ.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಆಟ ಬಿಟ್ಯಾ?"

"ಬಿಟ್ಟೆ."

"ಹೂಂ," ಅಂದಳು. ತುಟಿ ಒತ್ತಿ ಹಿಡಿದಿದ್ದಳು. ಮೂರೂಕಾಲು.

ಮಾರ್ಚ್ 27, ಗುರುವಾರ. ಬೆಳಿಗ್ಗೆ 7

ಹನ್ನೆರಡು ದಿನ. ಫೋನಿಗೆ ಗೋಡೆಯದು ಒಂಬತ್ತು ಮೆಸೇಜ್. ಇವತ್ತು ಪ್ಲಗ್ ಹಾಕಿ ನೇರವಾಗಿ ಕೇಳಿಬಿಟ್ಟೆ: ನೀನು ನನ್ನ ತಮ್ಮನಾ?

ಆಮೇಲೆ ಮೈಕಿನ ಗುರುತು ಹಸಿರಾಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ.

"ಮೇ... ಮೇಡಂ. ನಾ... ನಾನು ಲಿಫ್ಟ್ ರಿಪೇರಿ ಮಾಡೋನು. ಮನೇಲಿ ನಾನೇ ದೊ... ದೊಡ್ಡೋನು. ಮೈಕ್ ಕೆಟ್ಟಿಲ್ಲ. ಕೆಟ್ಟಿರೋದು ಇ... ಇದು."

ಐವತ್ತು ದಾಟಿದ ದನಿ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕ್ಷಮಿಸಿ ಎಂದೆ. "ಪರವಾಗಿಲ್ಲ, ಏ... ಏಟು ತಿನ್ನೋದೇ ನನ್ನ ಕೆಲಸ" ಎಂದು ನಕ್ಕರು. ಇನ್ನು ಮೇಲೆ ಬಹುವಚನ.

ಹಾಗಾದರೆ ತಮ್ಮ ಬೇರೆಲ್ಲೋ ಅಡಗಿದ್ದಾನೆ.

ಕುರ್ಚಿ ಇವತ್ತೂ ತಗ್ಗಿದೆ. ಹನ್ನೆರಡು ದಿನ ನಾನು ಅದರಲ್ಲಿ ಕೂತೇ ಇಲ್ಲ.

ಮಾರ್ಚ್ 29, ಶನಿವಾರ. ಮಧ್ಯಾಹ್ನ 3

ಲ್ಯಾಬಿನಿಂದ ಹೊರಟಾಗ ಅಮ್ಮನ ಮೆಸೇಜ್:

"ಬರುವಾಗ ಬ್ರೆಡ್ ತಾ.  ಛತ್ರಿ ಮರೆಯಬೇಡ.  ನಿಧಾನಕ್ಕೆ ಬಾ."

ಕಡೆಯ ಎರಡು ಮಾತು ನಾನೇ ತಮ್ಮನಿಗೆ ಹೇಳಿದ್ದು. ಮತ್ತೆ ಮತ್ತೆ ಓದಿದೆ. ಆಗ ಕಣ್ಣಿಗೆ ಬಿತ್ತು. ಪ್ರತಿ ಚುಕ್ಕಿಯಾದ ಮೇಲೆ ಎರಡು ಸ್ಪೇಸ್.

ಬಸ್ಸಿನಲ್ಲೇ ಈ ಪುಸ್ತಕ ತೆಗೆದು ಹದಿನೈದನೇ ತಾರೀಖಿನ ಪುಟ ನೋಡಿದೆ. ಅಲ್ಲೂ ಚುಕ್ಕಿಯಾದ ಮೇಲೆ ಎರಡೆರಡು. ಅಮ್ಮ ನನಗೆ ಟೈಪಿಂಗ್ ಕಲಿಸುವಾಗ ಬೆರಳಿಗೆ ಹೊಡೆದು ಹೇಳಿದ್ದು ಅದೇ: "ಚುಕ್ಕಿ ಆದ್ಮೇಲೆ ಎರಡು ಸಲ ಜಾಗ ಬಿಡು. ಓದೋರು ಉಸಿರು ತಗೋಬೇಡ್ವಾ?" ನಾನು ಹಾಗೆ ಜಾಗ ಬಿಡಲಿಲ್ಲ. ತಮ್ಮ ಕಲಿಯಲೇ ಇಲ್ಲ. ಮೂವತ್ತೈದು ವರ್ಷ ಕಚೇರಿಯ ಕಾಗದಕ್ಕೆಲ್ಲ "ತಮ್ಮ ಪತ್ರ ತಲುಪಿತು" ಎಂದು ಬಡಿದವಳು ಒಬ್ಬಳೇ.

ಅರವತ್ತೆಂಟು ಅವಳ ವಯಸ್ಸು. ದಡ್ಡಿ, ದಡ್ಡಿ, ದಡ್ಡಿ.

ಮನೆಗೆ ಬಂದೆ. ನನ್ನ ಕುರ್ಚಿ ತಗ್ಗಿಸಿಕೊಂಡು, ಬೆನ್ನು ನೆಟ್ಟಗೆ ಇಟ್ಟು, ಹತ್ತೂ ಬೆರಳಲ್ಲಿ ಟೈಪ್ ಮಾಡುತ್ತಿದ್ದಳು. ತಿರುಗಲಿಲ್ಲ. "ಬ್ರೆಡ್ ತಂದ್ಯಾ?"

"ಅಮ್ಮಾ, ನಿಂಗೆ ಮೂರೂಕಾಲು ಗೊತ್ತಿತ್ತಾ?"

"ನಾನೇನು ಕಿವುಡೀನಾ? ದಿನಕ್ಕೆ ನಾಲ್ಕು ಸಲ ಮೂರೂಕಾಲು ಆಗೋ ಮನೇಲಿ ಯಾರಿಗೆ ಗೊತ್ತಾಗಲ್ಲ? ಆ ಗಡಿಯಾರಕ್ಕೆ ಸೆಲ್ ಹಾಕ್ಬೇಡಿ ಅಂತ ನಿಮ್ಮಪ್ಪಂಗೆ ಹೇಳಿದ್ದೇ ನಾನು."

"ಯಾಕೆ?"

"ಮೂರು ಜನ ಒಂದಾಗಿರ್ತಿದ್ರಿ. ನನ್ನ ವಿರುದ್ಧ ಆದ್ರೂ ಸರಿ, ಒಂದಾಗಿರ್ತಿದ್ರಿ."

ಮಂಚದ ಮೇಲೆ ಕೂತುಬಿಟ್ಟೆ. ನಾನು ಕೆಲಸಕ್ಕೆ ಹೋದ ಮೇಲೆ ಎರಡು ವರ್ಷದಿಂದ ಆಡುತ್ತಿದ್ದಾಳಂತೆ. ಅವಳದೂ ಅರವತ್ತು ಲೆವೆಲ್ ಮುಗಿದಿದೆ. ಗೋಪುರ ಎರಡೇ ಸಲ ಆಡಿ ಬಿಟ್ಟಳಂತೆ. "ಆ ರಾಕ್ಷಸ ವಾರ ವಾರ ಸಾಯ್ತಾನೆ, ವಾರ ವಾರ ಎದ್ದು ಕೂತ್ಕೋತಾನೆ. ಸತ್ತೋರು ಹಾಗೆ ಬರ್ತಾರಾ? ಅದನ್ನ ನೀನು ಇನ್ನೂರು ಸಲ ಆಡ್ತೀಯಲ್ಲೇ!"

ತಮ್ಮನಿಗೆ ಆಟ ನೋಡು ಎಂದು ಲಿಂಕ್ ಮಾತ್ರ ಕಳಿಸಿದ್ದಳಂತೆ, ಬೇರೆ ನಂಬರಿನಿಂದ, ಹೆಸರು ಹೇಳದೆ. ಮೂರು ದಿನವಾದ ಮೇಲೆ ಅವನು ಅಮ್ಮನಿಗೆ ಫೋನ್ ಮಾಡಿದನಂತೆ. "ಅಕ್ಕ ನನ್ನ ಮೇಲೆ ಕಥೆ ಬರ್ದು ಆಡ್ಕೋತಿದಾಳೆ" ಎಂದು ಕೂಗಾಡಿದನಂತೆ. ಅವಳು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ.

"ಕೂಗಾಡಿದೋನು ಮಾರನೇ ದಿನ ಬೆಳಿಗ್ಗೇನೇ ಹೋಗಿ ನಿಂತ. ಆ ಕಲ್ಲಿನ ಮೇಲೆ. ಬೂದು ಬಟ್ಟೆ ಹಾಕ್ಕೊಂಡು."

ಬಟ್ಟೆ ತೆಗೆಯುತ್ತೇನೆಂದು ಬಾಲ್ಕನಿಗೆ ಹೋದೆ. ತಂತಿ ಖಾಲಿ ಇತ್ತು. ಅಲ್ಲೇ ನಿಂತು ಅತ್ತೆ.

ಮಾರ್ಚ್ 30, ಭಾನುವಾರ. ಬೆಳಿಗ್ಗೆ 6.10

ಎಡಗಡೆ ಕಲ್ಲಿನ ಮೇಲೆ ನಿಂತಿದ್ದೇನೆ. ಬಲಗಡೆ ಅವನಿದ್ದಾನೆ. ಪ್ರಶ್ನೆ ಬಂದಿದೆ. ಉತ್ತರ ಇಬ್ಬರಿಗೂ ಗೊತ್ತು. ಅವನೂ ಹಾಕಿಲ್ಲ, ನಾನೂ ಹಾಕಿಲ್ಲ.

ಮೊದಲು ಒಂದು ತಿದ್ದುಪಡಿ. ಒಂಬತ್ತನೇ ತಾರೀಖು ಬರೆದದ್ದು ಸುಳ್ಳು. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದೆ. ಊರೆಲ್ಲವನ್ನೂ ಅನುಮಾನಿಸಿದೆ, ನನ್ನ ಮಾತೊಂದನ್ನು ಬಿಟ್ಟು. ಅವನು ಫೋನ್ ಮಾಡುವ ಮೊದಲೇ ಡಾಕ್ಟರು ಹೇಳಿದ್ದರು — ಕರೆಸಬೇಕಾದವರನ್ನು ಇವತ್ತೇ ಕರೆಸಿ. ಎರಡು ವರ್ಷ ಊರ ಕಡೆ ಮುಖ ಹಾಕದವನು ಈಗ ಬರಲಾ ಎಂದು ಕೇಳುತ್ತಾನಲ್ಲ, ಕೇಳಬೇಕೇ ಎಂದು ಸಿಟ್ಟು ಬಂತು. ಸ್ವಲ್ಪ ಅನುಭವಿಸಲಿ ಅನಿಸಿತು. ಅದಕ್ಕೇ "ನಿಧಾನಕ್ಕೆ ಬಾ" ಅಂದೆ. ಒಂದು ದಿನ ತಡವಾಗಲಿ ಎಂದಷ್ಟೇ ಇತ್ತು. ಅಪ್ಪನಿಗೆ ಆ ಒಂದು ದಿನ ಇರಲಿಲ್ಲ.

6.25

ಇದನ್ನೇ ಅವನಿಗೆ ಟೈಪ್ ಮಾಡಿದೆ. ಒಂದಕ್ಷರ ಬಿಡದೆ. ಚುಕ್ಕಿಯಾದ ಮೇಲೆ ಎರಡೆರಡು ಜಾಗ ಬಿಟ್ಟು. ಕಳಿಸಿದೆ.

ಬೂದು ಬಟ್ಟೆಯವನು ಅಲುಗಾಡುತ್ತಿಲ್ಲ. ಬರೆಯುತ್ತಿದ್ದಾನೆ ಎಂದು ತೋರಿಸುವ ಗುರುತು ಬಂತು. ಹೋಯಿತು. ಮತ್ತೆ ಬಂತು. ಹೋಯಿತು.

ಅಮ್ಮ ಬೆನ್ನ ಹಿಂದೆ ಟೀ ಹಿಡಿದು ನಿಂತಿದ್ದಾಳೆ. "ಏನಂದ?"

"ಇನ್ನೂ ಏನೂ ಇಲ್ಲ."

"ತಾಳು. ಅವನು ಎರಡೇ ಬೆರಳಲ್ಲಿ ಟೈಪ್ ಮಾಡ್ತಾನೆ."

6.41

ಉತ್ತರ ಬರಲಿಲ್ಲ. ಅವನ ಕಡೆಯ ದೀಪ ಹತ್ತಿತು.

ಹಾಕಿಬಿಟ್ಟಿದ್ದಾನೆ. ಅಲ್ಲೇ ನಿಂತಿದ್ದಾನೆ. ಇನ್ನು ನನ್ನದೇ. ಅಮ್ಮ ಕುರ್ಚಿ ಏರಿಸಿಕೊಟ್ಟಳು. ಪೆನ್ನು ಕೆಳಗಿಡಬೇಕು, ಇದಕ್ಕೆ ಎರಡೂ ಕೈ