ಸೀಳುಬಂಡೆಯ ತೋಳಗಳು

ನಮ್ಮ ಮನೆಯ ಹಿಂದಿನ ಕೋಣೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ನಿನ್ನ ಮಗಳು ಇನ್ನೂ ಹೆಬ್ಬೆಟ್ಟು ಚೀಪುತ್ತಾಳೆಯೇ? ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ಫೋನ್ ಬಿಟ್ಟು ಕಾಗದ ಹಿಡಿದಿದ್ದಾಳಲ್ಲ ಎಂದು ನಗಬೇಡ. ಈ ಮನೆಯ ಗೋಡೆಗಳು ಹಪ್ಪಳದ ಹಾಗೆ. ಫೋನಿನಲ್ಲಿ ಪಿಸುಗುಟ್ಟಿದರೂ ಇವರಿಗೆ ಕೇಳಿಸುತ್ತದೆ.

ಮದುವೆಯ ದಿನ ನೀನು ಇವರಿಗೆ ‘ತೋಳರಾಯ’ ಎಂದು ಹೆಸರಿಟ್ಟೆಯಲ್ಲ, ಅದೇ ಅಂಟಿಕೊಂಡಿದೆ. ಹಾಗೆ ಕರೆದರೆ ಈಗಲೂ ಇವರ ಕಿವಿ ಕೆಂಪಾಗುತ್ತದೆ. ಎಲ್ಲರೂ ಹನಿಮೂನಿಗೆ ಸಮುದ್ರ ನೋಡುತ್ತಾರೆ. ನನಗೆ ಸಿಕ್ಕಿದ್ದು ಕುರುಚಲು ಕಾಡಿನ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ತೋಳದ ಬಿಲ ಕಾಯುವ ಭಾಗ್ಯ. ಇರುವೆ ಕಚ್ಚಿದರೂ ಉಸಿರೆತ್ತುವ ಹಾಗಿಲ್ಲ. ನನಗೆ ಸೀನು ಬಂದಾಗ ತಮ್ಮ ಬೆವರಿನ ಟೋಪಿಯನ್ನೇ ಮೂಗಿಗೆ ಒತ್ತಿದರು, ಮಹಾರಾಯರು. ಆದರೂ ಅಕ್ಕಾ, ಅಷ್ಟು ಸುಖ ನನಗೆ ಎಂದೂ ಸಿಕ್ಕಿರಲಿಲ್ಲ.

ನವಿಲು, ಜಿಂಕೆ ಬಿಟ್ಟು ತೋಳದ ಚಿತ್ರವನ್ನೇ ಏಕೆ ಬರೆಯುತ್ತೀರಿ ಎಂದು ಅಲ್ಲಿಯೇ ಕೇಳಿದೆ. ಬಿಲದ ಮೇಲಿಟ್ಟ ಕಣ್ಣು ತೆಗೆಯದೆಯೇ ಹೇಳಿದರು. ಇವರ ಅಪ್ಪ ಕುಡಿದು ಬರುತ್ತಿದ್ದರಂತೆ. ಅವರ ಚಪ್ಪಲಿಯ ಸದ್ದು ಕೇಳಿದರೆ ಮಕ್ಕಳೆಲ್ಲ ನಿದ್ದೆ ಬಂದವರಂತೆ ಬಿದ್ದುಕೊಳ್ಳುತ್ತಿದ್ದರಂತೆ. ಒಂದು ಬೆಳಗ್ಗೆ ಏಟು ತಪ್ಪಿಸಿಕೊಂಡು ಪೊದೆಯೊಳಗೆ ಅಡಗಿದ್ದಾಗ ಗಂಡು ತೋಳವೊಂದು ಕಾಲೆಳೆಯುತ್ತಾ ಬಿಲಕ್ಕೆ ಬಂತು. ಮರಿಗಳು ಒಂದರ ಮೇಲೊಂದು ಬಿದ್ದು ಓಡಿಹೋಗಿ ಅದರ ಬಾಯಿ ನೆಕ್ಕಿದವು. ಅದು ತಿಂದದ್ದನ್ನೆಲ್ಲ ಅವುಗಳ ಮುಂದೆ ಕಕ್ಕಿತು. ‘ಅಪ್ಪ ಬಂದ್ರೆ ಮಕ್ಕಳು ಎದುರಿಗೆ ಓಡ್ತಾರೆ ಅನ್ನೋದನ್ನ ಮೊದಲು ನೋಡಿದ್ದು ಅಲ್ಲೇ ಕಣೇ,’ ಎಂದರು. ನನಗೋ ಅಳು ಒತ್ತಿಕೊಂಡು ಬಂತು. ಅದನ್ನು ಮುಚ್ಚಿಕೊಳ್ಳಲು, ‘ನಮ್ಮ ಮಕ್ಕಳೂ ಓಡಿ ಬರ್ತಾರೆ ಬಿಡಿ, ನೀವು ಮಾತ್ರ ವಾಂತಿ ಮಾಡ್ಕೋಬೇಡಿ,’ ಎಂದೆ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

ಈಗ ನಗುವುದಿಲ್ಲ. ಇವರದು ಒಂದು ಹಟವಿತ್ತು. ತೋಳವನ್ನು ಎಲ್ಲಿ ಕಂಡರೋ ಆ ಜಾಗವನ್ನು ಚಿತ್ರದಲ್ಲಿ ಇದ್ದ ಹಾಗೆಯೇ ಬರೆಯಬೇಕು, ಒಂದು ಕಲ್ಲೂ ಆಚೀಚೆ ಆಗಬಾರದು. ಜಾಗ ಸುಳ್ಳಾದರೆ ತೋಳವೂ ಸುಳ್ಳು ಎನ್ನುತ್ತಿದ್ದರು. ಕಳೆದ ತಿಂಗಳ ಪ್ರದರ್ಶನಕ್ಕೆ ಕುರಿ ಸಾಕುವವರೊಬ್ಬರು ಬಂದಿದ್ದರು. ದೊಡ್ಡ ಚಿತ್ರದ ಮುಂದೆ ನಿಂತು, ‘ಇದು ನಮ್ಮ ಸೀಳುಬಂಡೆ ಅಲ್ವಾ ಸ್ವಾಮಿ, ಫೋಟೋ ಹೊಡೆದ ಹಾಗಿದೆ,’ ಎಂದರು. ಇವರು ಹಿಗ್ಗಿಹೋದರು. ಕೈಹಿಡಿದು ಕರೆದೊಯ್ದು ಚಹಾ ಕುಡಿಸಿದರು. ಬಿಲದ ಬಾಯಿ ಬಂಡೆಯ ಯಾವ ಮಗ್ಗುಲಲ್ಲಿದೆ ಎಂಬುದು ಚಿತ್ರದಲ್ಲೇ ಇತ್ತು, ಯಾರೂ ಕೇಳಬೇಕಾಗಿರಲಿಲ್ಲ.

ಆಮೇಲೆ ನಾವು ಹೋದಾಗ ಬಂಡೆಯ ಕೆಳಗೆ ವಿಷ ಹಾಕಿದ ಮಾಂಸ ಬಿದ್ದಿತ್ತು. ಗಂಡು ತೋಳ ಬಿಲಕ್ಕೆ ತಲೆ ಮಾಡಿ ಸತ್ತಿತ್ತು. ಅಂದರೆ, ಅಕ್ಕಾ, ಅದು ಎಂದಿನಂತೆ ತಿಂದು ಮನೆಗೆ ಬಂದು ಮರಿಗಳಿಗೆ ಕಕ್ಕಿದೆ. ಮರಿಗಳು ಅದರ ಬಾಯಿಯ ಸುತ್ತಲೇ ಬಿದ್ದಿದ್ದವು. ಇವರು ಒಂದೊಂದನ್ನೇ ಎತ್ತಿ ಗುಂಡಿಗೆ ಹಾಕಿದರು. ನನ್ನನ್ನು ಮುಟ್ಟಲು ಬಿಡಲಿಲ್ಲ. ಆ ಕುರಿಯವರ ಮೇಲೆ ಸಿಟ್ಟೂ ಮಾಡಿಕೊಳ್ಳಲಿಲ್ಲ. ‘ಅವರ ಕುರಿ ಹೋಗಿತ್ತು, ಅವರು ಬಿಲ ಹುಡುಕ್ತಿದ್ರು. ದಾರಿ ತೋರಿಸಿದ್ದು ನಾನು,’ ಎಂದರು.

ಅಂದಿನಿಂದ ಇವರು ಹೊಸದೇನನ್ನೂ ಬರೆದಿಲ್ಲ. ಬ್ಲೇಡು ಹಿಡಿದು ಹಳೆಯ ಚಿತ್ರಗಳಲ್ಲಿನ ಕಲ್ಲು, ಮರ, ಹಳ್ಳ ಎಲ್ಲವನ್ನೂ ಹೆರೆಯುತ್ತಾರೆ. ಬರೀ ಬಟ್ಟೆಯ ಮೇಲೆ ತೋಳಗಳು ನಿಂತಿವೆ, ಕಾಲಿಗೆ ನೆಲವಿಲ್ಲ. ಒಣಗಿದ ಬಣ್ಣದ ಪುಡಿ ನಮ್ಮ ಹಾಸಿಗೆಯವರೆಗೂ ಬರುತ್ತದೆ. ನಾನು ಗುಡಿಸುತ್ತೇನೆ, ಏನಾದರೂ ತಮಾಷೆ ಮಾಡುತ್ತೇನೆ, ಇವರು ನನ್ನ ಸಮಾಧಾನಕ್ಕೆ ಹೂಂಗುಟ್ಟುತ್ತಾರೆ. ಮದುವೆಯಾದ ಹೊಸದರಲ್ಲಿ ನಿನಗೆ ಬರೆಯಬೇಕಾದ ಕಾಗದ ಇದಲ್ಲ, ಗೊತ್ತು.

ಭಾವನವರಿಗೆ ನಮಸ್ಕಾರ ಹೇಳು. ಮಗಳ ಹೆಬ್ಬೆಟ್ಟಿಗೂ ಕೆನ್ನೆಗೂ ಒಂದೊಂದು ಮುತ್ತು. ನೀನು ಭಾರ ಎತ್ತಬೇಡ.

ನಿನ್ನ
ಪುಟ್ಟಿ

ತಾ.ಕ.: ಇವರು ಸ್ನಾನಕ್ಕೆ ಹೋಗಿದ್ದಾರೆ, ಬೇಗ ಬರೆಯುತ್ತೇನೆ. ಹೆಣ್ಣು ತೋಳ ಬದುಕಿದೆ. ನಿನ್ನೆ ಇಬ್ಬರೂ ನೋಡಿದೆವು, ಉಳಿದ ಒಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹಳ್ಳದ ದಡದ ಹಳೆಯ ಬಿಲ ಸೇರಿತು. ಮದುವೆಯಲ್ಲಿ ಇವರು ನಿನಗೆ ಕೊಟ್ಟ ಚಿತ್ರದಲ್ಲಿರುವುದು ಅದೇ ಬಿಲ. ಅದು ನಿನ್ನ ಮಲಗುವ ಕೋಣೆಯಲ್ಲಿದೆ ಎಂದು ಇವರು ತಿಳಿದಿದ್ದಾರೆ. ಭಾವ ಅದನ್ನು ತಮ್ಮ ಹಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಕಡೆ ತೂಗುಹಾಕಿದ್ದನ್ನು ನಾನು ಹೇಳಿಲ್ಲ. ಹೇಳಿದರೆ ಈಗಲೇ ಬ್ಲೇಡು ಹಿಡಿದು ಬರುತ್ತಾರೆ. ಮರಿಗಳು ಅಪ್ಪನ ಎದುರಿಗೆ ಓಡುವ ಚಿತ್ರ ನೆಲದ ಸಮೇತ ಇನ್ನು ಅದೊಂದೇ ಉಳಿದಿರುವುದು. ಕಾಗದ ಕೈಸೇರಿದ ಕೂಡಲೇ ಅದನ್ನು ಕೆಳಗಿಳಿಸಿ, ಬಟ್ಟೆ ಸುತ್ತಿ, ಮಂಚದ ಕೆಳಗೆ ತಳ್ಳು. ಸಂತೆಗೆ ಬರುವ ಕುರಿಯವರು ಕೆನ್ನೆ ಹಿಡಿದುಕೊಂಡು ಅದರ ಎದುರಿಗೇ ಕೂರುತ್ತಾರೆ. ಅಕ್ಕಾ, ಇದು ಯಾವ ಜಾಗ ಎಂದು ಯಾರಾದರೂ ಆಗಲೇ ಕೇಳಿದ್ದಾರೆಯೇ? ಕೇಳಿದ್ದರೆ, ನೀವು ಏನೆಂದಿರಿ?