ಬೇಡವೆಂದು ಕಳಿಸಿದ ರಾಣಿ

ಗುರುವಾರ, ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ ಅಂತ ಮೊನ್ನೆ ಒಂದು ಪತ್ರ ಹಾಕಿದ್ದೆನಲ್ಲ, ಅದು ನಮ್ಮ ಯಜಮಾನರು ಓದಿ, ತಾವೇ ಅಂಟಿಸಿ ಕಳಿಸಿದ ಪತ್ರ. ಇದು ನೀನೊಬ್ಬಳೇ ಓದಬೇಕಾದ ಪತ್ರ. ಪಕ್ಕದ ಟೈಲರಮ್ಮ ತಮ್ಮ ಕನ್ನಡಕದ ಸ್ಕ್ರೂ ಬಿಗಿ ಮಾಡಿಸಲು ಕೊಟ್ಟು ಹೋಗಿದ್ದಾರೆ. ನಾಳೆ ಬಂದು ಡಬ್ಬಿ ಒಯ್ಯುವಾಗ ಕನ್ನಡಕದ ಕೆಳಗೆ ಮಡಚಿಕೊಂಡು ಇದೂ ಹೋಗುತ್ತದೆ. ಅಂಚೆಗೆ ಹಾಕಿ ಅಂತ ಹೇಳಿದ್ದೇನೆ. ಯಾಕೆ ಏನು ಅಂತ ಒಂದು ಮಾತು ಕೇಳಲಿಲ್ಲ, ಪುಣ್ಯಾತ್ಗಿತ್ತಿ. ಗಾಜು ಉಜ್ಜುವ ಯಂತ್ರವನ್ನು ಸುಮ್ಮನೆ ತಿರುಗಲು ಬಿಟ್ಟಿದ್ದೇನೆ. ಅದರ ಸದ್ದು ಕೇಳುತ್ತಿರುವವರೆಗೂ ನಾನು ಕೆಲಸ ಮಾಡುತ್ತಿದ್ದೇನೆ ಅಂತ ಕೌಂಟರಿನಲ್ಲಿ ಕೂತವರ ನಂಬಿಕೆ. ಅಕ್ಷರ ನಡುಗಿದ್ದರೆ ಅದು ಮೇಜಿನ ನಡುಕ, ನನ್ನದಲ್ಲ.

ನೀನು ಕಳೆದ ಸಲ ಕೇಳಿದ್ದೆ, ನಿಮ್ಮ ಲೈಬ್ರರಿಯಲ್ಲಿ ಹಳೆಯದಾಯಿತು ಅಂತ ತೆಗೆದುಹಾಕುವ ಪುಸ್ತಕಗಳಲ್ಲಿ ಎಷ್ಟೊಂದು ಬಗೆ ಇವೆ, ನಿನಗೆ ಮಾತ್ರ ಯಾಕೆ ಯಾವಾಗಲೂ ನೂರಾರು ವರ್ಷ ಹಿಂದಿನ ಆ ಇಂಗ್ಲಿಷ್ ಟ್ಯೂಡರ್ ರಾಜರ ಕಾಲದ ಕೊಲೆ ಕಥೆಗಳೇ ಬೇಕು, ಒಂದೆರಡು ನಗಿಸುವ ಪುಸ್ತಕ ಕಳಿಸಲೇ ಅಂತ. ಕಳಿಸಬೇಡ ಮಾರಾಯ್ತಿ. ನಗು ನನಗೆ ಮನೆಯಲ್ಲೇ ಬೇಕಾದಷ್ಟು ಸಿಗುತ್ತದೆ. ಅವರು ನಕ್ಕಾಗಲೆಲ್ಲ ನಾನೂ ಮಗಳೂ ನಗಬೇಕು.

ನನ್ನ ಉತ್ತರ ಸ್ವಲ್ಪ ಉದ್ದ. ಇವರ ಬ್ಲೇಡಿನ ವಿಷಯ ನಿನಗೆ ಹೇಳಿಯೇ ಇಲ್ಲ. ಹೊಸ ಗಾಜಿನ ಮೇಲಿನ ಚೀಟಿ ಕೆರೆಯುವ ಚಿಕ್ಕ ಬ್ಲೇಡು ಅದು. ಮದುವೆಯಾದ ಹೊಸದರಲ್ಲಿ ನಾನೊಂದು ಪತ್ತೇದಾರಿ ಕಾದಂಬರಿ ಓದುತ್ತಿದ್ದಾಗ, ಇವರು ಅದರ ಕೊನೆಯ ಅಧ್ಯಾಯವನ್ನು ನೀಟಾಗಿ ಕೊಯ್ದು ಜೇಬಿನಲ್ಲಿಟ್ಟುಕೊಂಡರು. ಕೊಲೆಗಾರ ಯಾರು ಅಂತ ಬೇಕಿದ್ದರೆ ನನ್ನನ್ನು ಓಲೈಸಬೇಕು ಅಂದರು. ನಾನು ನಾಚಿಕೊಂಡು ನಕ್ಕೆ. ಎಷ್ಟು ರಸಿಕರು ಅಂತ ನಿನಗೆ ಬರೆಯಬೇಕು ಅಂತಲೂ ಇದ್ದೆ. ಆಮೇಲೆ ಅದು ಮನೆಯ ಪದ್ಧತಿಯಾಯಿತು. ಯಾವ ಪುಸ್ತಕ ಬಂದರೂ ಕೊನೆಯ ಅಧ್ಯಾಯ ಕೌಂಟರಿನ ಡ್ರಾಯರಿಗೆ ಹೋಗುತ್ತದೆ, ಡ್ರಾಯರಿನ ಕೀಲಿ ಇವರ ಸೊಂಟಕ್ಕೆ. ನಾನು ಸರಿಯಾಗಿ ನಡೆದುಕೊಂಡ ವಾರ ಹಾಳೆಗಳು ನನ್ನ ತಟ್ಟೆಯ ಪಕ್ಕ ಬಂದು ಕೂರುತ್ತವೆ. ಇಲ್ಲವಾದರೆ, ನೋಡೋಣ ಅನ್ನುತ್ತಾರೆ. ಬೈಗುಳವಿಲ್ಲ, ಹೊಡೆತವಿಲ್ಲ, ಒಂದು ದಿನ ದನಿ ಏರಿಸಿದವರಲ್ಲ. ಅಜ್ಜಿಯರ ಕಿವಿಗೆ ಕನ್ನಡಕ ಏರಿಸುವಾಗ ಇವರ ಕೈ ನೋಡಬೇಕು, ಮಗುವಿಗೆ ಟೋಪಿ ಹಾಕಿದ ಹಾಗೆ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಅಂತ ಗಿರಾಕಿಗಳು ನನಗೆ ಹೇಳಿ ಹೋಗುತ್ತಾರೆ.

ನೀನು ಕಳಿಸಿದ ಮೊದಲನೆಯ ಟ್ಯೂಡರ್ ಕಾದಂಬರಿಗೂ ಅದೇ ಗತಿಯಾಯಿತು. ಆದರೆ ಅದನ್ನು ಓದಿ ಮುಗಿಸಿದಾಗ ನನಗೆ ಕೊನೆಯ ಅಧ್ಯಾಯ ಬೇಕು ಅಂತ ಅನ್ನಿಸಲೇ ಇಲ್ಲ. ಆ ಕಥೆಯ ರಾಜ ಆರು ಮದುವೆಯಾದದ್ದು, ಇಬ್ಬರ ತಲೆ ತೆಗೆಸಿದ್ದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ಪುಸ್ತಕ ಬಿಚ್ಚುವ ಮೊದಲೇ ರಾಣಿಯ ಕಥೆ ಮುಗಿದಿದೆ. ಇವರ ಬ್ಲೇಡಿಗೆ ಅಲ್ಲಿ ಕೊಯ್ಯಲು ಏನೂ ಉಳಿದಿಲ್ಲ! ಅವತ್ತು ನನಗಾದ ಸಂತೋಷ ಹೇಳತೀರದು. ಹಾಳೆ ಬೇಡವೇ ಅಂತ ಇವರೇ ಕೇಳಿದರು. ನೋಡೋಣ ಅಂದೆ. ಅಷ್ಟು ವರ್ಷದ ಸಂಸಾರದಲ್ಲಿ ಅದೊಂದು ನನ್ನ ಗೆಲುವು.

ಮತ್ತೂ ಒಂದು ಕಾರಣ ಇದೆ. ಈಗಿನ ಕಾಲದ ಕೊಲೆ ಕಥೆಯಲ್ಲಿ ಕೊಲೆಗಾರ ಸಿಕ್ಕಿದರೆ ಪೊಲೀಸರು ಬಂದು ಕರೆದೊಯ್ಯುತ್ತಾರೆ, ಉಳಿದವರು ಕಾಫಿ ಕುಡಿದು ಮನೆಗೆ ಹೋಗುತ್ತಾರೆ. ಆ ಅರಮನೆಯಲ್ಲಿ ಹಾಗಲ್ಲ. ಯಾರು ವಿಷ ಹಾಕಿದರು ಅಂತ ಗೊತ್ತಾದ ಮೇಲೆಯೇ ನಿಜವಾದ ಫಜೀತಿ ಶುರು. ಹೇಳುವುದು ಯಾರಿಗೆ? ರಾಜನ ಕಿವಿ ಯಾರ ಕಡೆಗಿದೆ? ಅಡುಗೆಯವನಿಂದ ಮಂತ್ರಿಯವರೆಗೆ ಎಲ್ಲರಿಗೂ ಒಂದೇ ಕೆಲಸ, ಬೆಳಿಗ್ಗೆ ಎದ್ದು ರಾಜನ ಮುಖ ನೋಡುವುದು. ಲೋಟ ಮೆಲ್ಲಗೆ ಇಟ್ಟನೋ, ಕುಟ್ಟಿ ಇಟ್ಟನೋ? ಅಕ್ಕಾ, ನಾನು ಅದನ್ನು ಓದುವಾಗ ಬೇರೆ ದೇಶ, ಬೇರೆ ಕಾಲ ಅಂತ ಅನ್ನಿಸುವುದೇ ಇಲ್ಲ. ನಮ್ಮ ಮೇಲಿನ ಎರಡು ಕೋಣೆಯಿಂದ ಇಳಿಯುವ ಮೆಟ್ಟಿಲು ನೇರ ಅಂಗಡಿಗೇ ಬರುತ್ತದೆ, ಬೀದಿಗೆ ಬೇರೆ ಬಾಗಿಲಿಲ್ಲ. ಅಂಗಡಿಯ ತುಂಬ ಕನ್ನಡಿಗಳು. ಗಿರಾಕಿಗಳು ಮುಖ ನೋಡಿಕೊಳ್ಳಲಿ ಅಂತ ಇಟ್ಟದ್ದು, ನಿಜ. ಆದರೆ ಕೌಂಟರಿನಲ್ಲಿ ಕೂತವರಿಗೆ ನನ್ನ ಮುಖ ಯಾವ ಮೂಲೆಯಿಂದಲೂ ಕಾಣುತ್ತದೆ. ಕನ್ನಡಿ ಇಲ್ಲದಿರುವುದು ಈ ಹಿಂದಿನ ಕೋಣೆಯಲ್ಲಿ ಮಾತ್ರ. ಅಲ್ಲಿ ತಲೆ ಹೋಗುತ್ತಿತ್ತು, ಇಲ್ಲಿ ಉಳಿಸುತ್ತಾರೆ, ಕೆಲಸಕ್ಕೆ ಬೇಕಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಚಿನಕುರುಳಿ ಹತ್ತನೇ ತರಗತಿ ಮುಗಿಸಿದ್ದು, ನಿಮ್ಮ ಊರಿನ ಕಾಲೇಜಿಗೆ ಅವಳ ಟೀಚರೇ ಅರ್ಜಿ ಹಾಕಿಸಿ ಸೀಟು ಸಿಕ್ಕಿದ್ದು ನಿನಗೆ ಗೊತ್ತು. ಇವರು ಬೇಡ ಅನ್ನಲಿಲ್ಲ. ನೋಡೋಣ ಅಂದರು. ಆಮೇಲೆ ಒಂದು ಬೆಳಿಗ್ಗೆ ಕೌಂಟರಿನ ಪಕ್ಕ ಎರಡನೆಯ ಕುರ್ಚಿ ಬಂತು. ರಜೆಯಲ್ಲಿ ಸುಮ್ಮನೆ ಕೂರಲಿ, ಕೆಲಸ ಕಲಿಯಲಿ ಅಂದರು. ನಾನೂ ಒಂದು ರಜೆ ಕಾಲದಲ್ಲೇ ಈ ಯಂತ್ರದ ಮುಂದೆ ಕೂತವಳು, ಇನ್ನೂ ಎದ್ದಿಲ್ಲ. ಅವಳು ಅಪ್ಪ ಲೋಟ ಇಡುವ ಸದ್ದನ್ನು ಕಿವಿಗೊಟ್ಟು ಕೇಳಲು ಶುರು ಮಾಡಿದ್ದಳು. ಕೇಳಿಸಿಕೊಂಡು ನನ್ನ ಮುಖ ನೋಡುತ್ತಿದ್ದಳು. ಅದನ್ನು ನಾನು ಸಹಿಸಲಾರೆ.

ಆರು ರಾಣಿಯರಲ್ಲಿ ನಾಲ್ಕನೆಯವಳು ನೆನಪಿದ್ದಾಳಾ ನಿನಗೆ? ನೀನು ನನಗೆ ಬೇಡ ಅಂದ ರಾಜ. ಆಗಲಿ ಅಂದಳು ಪುಣ್ಯವಂತೆ. ಮನೆ ಕೊಟ್ಟ, ತೋಟ ಕೊಟ್ಟ, ಕಳಿಸಿದ. ಅವಳು ಹಾಯಾಗಿ ಉಂಡುಟ್ಟು, ಅವನು ಸತ್ತ ಮೇಲೂ ಬಹಳ ವರ್ಷ ಬದುಕಿದಳು. ಅಂಥ ಅರಮನೆಯಿಂದ ಜೀವ ಉಳಿಸಿಕೊಂಡು ಹೊರಬೀಳುವ ದಾರಿ ಅದೊಂದೇ: ರಾಜನಿಗೆ ಬೇಡವಾಗಬೇಕು. ಅಪ್ಪಣೆ ಕೇಳಿದರೆ ಸಿಗುವುದಿಲ್ಲ. ಶಿಕ್ಷೆಯಾದರೆ ಸಿಗುತ್ತದೆ.

ನಿವೃತ್ತ ಹೆಡ್‌ಮಾಸ್ತರೊಬ್ಬರು ಹೊಸ ಕನ್ನಡಕ ಮಾಡಿಸಲು ಕೊಟ್ಟಿದ್ದರು, ಗುಂಡು ಫ್ರೇಮು. ಅವರ ಕಣ್ಣಿನ ದೋಷಕ್ಕೆ ಗಾಜನ್ನು ಇಂಥದೇ ಕೋನದಲ್ಲಿ ಕೂರಿಸಬೇಕು, ಸ್ವಲ್ಪ ತಿರುಗಿದರೂ ನೆಲ ಓರೆಯಾಗಿ ಕಾಣುತ್ತದೆ. ಚೌಕದ ಫ್ರೇಮಿನಲ್ಲಿ ಗಾಜು ಅಲುಗುವುದಿಲ್ಲ, ಗುಂಡಿನಲ್ಲಿ ಸ್ಕ್ರೂ ಸಡಿಲಿಸಿ ತಿರುಗಿಸಿದರೆ ತಿರುಗುತ್ತದೆ. ನಾನು ತಿರುಗಿಸಿದೆ. ತಿರುಗಿಸಿ, ಸ್ಕ್ರೂ ಬಿಗಿ ಮಾಡಿ, ಒರೆಸಿ, ಟ್ರೇಯಲ್ಲಿಟ್ಟೆ. ಮಾಸ್ತರು ಹಾಕಿಕೊಂಡು ಎದ್ದು ನಿಂತು ಗೋಡೆ ಹಿಡಿದುಕೊಂಡರು. ನೆಲ ಜಾರುತ್ತಿದೆಯಲ್ಲ ಸ್ವಾಮಿ ಅಂದರು. ಹೊಸ ಕನ್ನಡಕ ಸಾರ್, ನಾಲ್ಕು ದಿನದಲ್ಲಿ ಅಭ್ಯಾಸ ಆಗತ್ತೆ ಅಂತ ಇವರು ನಯವಾಗಿ ಹೇಳಿದರು. ನಮ್ಮ ಚಿನಕುರುಳಿಗೆ ಬಾಯಿ ಕಟ್ಟಿ ಗೊತ್ತೇ? ಕನ್ನಡಕ ಕಿತ್ತುಕೊಂಡು ಬೆಳಕಿಗೆ ಹಿಡಿದು, ಅಪ್ಪಾ ಅಭ್ಯಾಸ ಅಲ್ಲ, ಗಾಜೇ ಸೊಟ್ಟಗಿದೆ, ನೀವು ನೋಡ್ದೇನೇ ಹೇಳ್ತಿದೀರ ಅಂದಳು. ಅಂಗಡಿ ತುಂಬ ಜನ. ಯಾರೋ ಕಿಸಕ್ಕನೆ ನಕ್ಕರು.

ಇವರೂ ನಕ್ಕರು. ಬುದ್ಧಿವಂತೆ ನಮ್ಮ ಹುಡುಗಿ ಅಂದರು. ಗಾಜು ನನ್ನ ಕೈಗೆ ಬಂತು, ಸ್ಕ್ರೂ ಸಡಿಲವಾಗಿ ತಿರುಗಿರಬೇಕು ಅಂತ ಹೇಳಿ ಸರಿಪಡಿಸಿ ಕೊಟ್ಟೆ, ಮಾಸ್ತರು ನೆಟ್ಟಗೆ ನಡೆದು ಮನೆಗೆ ಹೋದರು. ಆಮೇಲೆ ಮನೆಯಲ್ಲಿ ಮಾತು ನಿಂತಿತು. ಊಟಕ್ಕೆ ಕೂತರೆ ಅವಳ ತಟ್ಟೆಯ ಮೇಲಿಂದ ಆಚೆ ನೋಡುತ್ತಾರೆ, ಅಲ್ಲಿ ಯಾರೂ ಕೂತೇ ಇಲ್ಲ ಅನ್ನುವ ಹಾಗೆ. ಇವರ ಕೋಪ ಹಾಗೆಯೇ. ಹೆಚ್ಚಾದಷ್ಟೂ ತಣ್ಣಗಾಗುತ್ತದೆ.

ಆಗ ನಾನು ಇವರ ಪಕ್ಷ ಸೇರಿಕೊಂಡೆ. ಅವಳ ಎದುರಿಗೇ ಹೇಳಿದೆ, ಇವಳ ನಾಲಿಗೆ ಬಹಳ ಉದ್ದವಾಗಿದೆ, ಅಂಗಡಿಯಲ್ಲಿ ಕೂರಿಸಿದರೆ ಮಾನ ಕಳೆಯುತ್ತಾಳೆ. ಆದರೆ ಆ ಕಾಲೇಜಿನ ಹಾಸ್ಟೆಲ್ ಮಾತ್ರ ಬೇಡ ರೀ, ಅಲ್ಲಿ ಕತ್ತಲು ಕತ್ತಲಿಗೇ ಎಬ್ಬಿಸುತ್ತಾರಂತೆ, ಹೊರಗೇ ಬಿಡುವುದಿಲ್ಲವಂತೆ, ಅದೂ ನಮ್ಮ ಅಕ್ಕನ ಊರು, ಅವಳ ಕೈಗೆ ಸಿಕ್ಕರೆ ಮಗು ಸೊರಗಿ ಹೋಗುತ್ತಾಳೆ ಅಂತ ಕಣ್ಣೊರೆಸಿಕೊಂಡೆ. ಕ್ಷಮಿಸು ಅಕ್ಕಾ, ಎರಡು ವರ್ಷದಿಂದ ನಿನ್ನನ್ನು ಈ ಮನೆಯಲ್ಲಿ ರಾಕ್ಷಸಿ ಮಾಡಿಟ್ಟಿದ್ದೇನೆ. ಸಿಡುಕಿ, ಶಿಸ್ತಿನ ಗಂಟು, ಮಕ್ಕಳನ್ನು ಕಂಡರಾಗದವಳು ಅಂತ. ನೀನು ಪತ್ರದಲ್ಲಿ ಪ್ರೀತಿಯಿಂದ ಬರೆದಾಗಲೆಲ್ಲ, ನೋಡಿ ಎಷ್ಟು ನಾಟಕ ಅಂತ ಇವರಿಗೆ ಹೇಳುತ್ತಿದ್ದೆ.

ಇವರು ಒಂದು ವಾರ ಯೋಚಿಸಿದರು. ಅವರು ಯೋಚಿಸುವಾಗ ನಾನು ಗಾಜು ಉಜ್ಜುತ್ತಲೇ ಇದ್ದೆ. ಆಮೇಲೆ ಒಂದು ಬೆಳಿಗ್ಗೆ ಲೋಟ ಮೆಲ್ಲಗೆ ಇಟ್ಟು, ಹೋಗಲಿ, ನಿಮ್ಮಕ್ಕನ ಕೈಯಲ್ಲೇ ಸ್ವಲ್ಪ ಬಗ್ಗಲಿ ಅಂದರು. ಎರಡನೆಯ ಕುರ್ಚಿ ಮತ್ತೆ ಮೇಲಿನ ಕೋಣೆಗೆ ಹೋಯಿತು. ಬೇಡ ರೀ, ದಮ್ಮಯ್ಯ ಅಂತ ನಾನು ಅತ್ತೆ. ಅತ್ತದ್ದರಲ್ಲಿ ಅರ್ಧ ನಿಜ.

ನಾಳೆ ಬೆಳಗಿನ ಬಸ್ಸಿಗೆ ಅವಳನ್ನು ಹತ್ತಿಸುತ್ತಾರೆ. ಈ ಪತ್ರ ಸೇರುವ ಹೊತ್ತಿಗೆ ಅವಳು ನಿನ್ನ ಹತ್ತಿರ ಇರುತ್ತಾಳೆ. ಅವಳಿಗೆ ನಾನು ಏನೂ ಹೇಳಿಲ್ಲ. ಅವಳ ಮುಖ ತೆರೆದಿಟ್ಟ ಕಿಟಕಿ, ಇಷ್ಟು ಕನ್ನಡಿಗಳ ನಡುವೆ ಒಂದು ಗುಟ್ಟು ಒಂದು ಗಂಟೆ ನಿಲ್ಲದು. ಅಲ್ಲದೆ ನಿಜ ಗೊತ್ತಾದರೆ ನನ್ನನ್ನು ಬಿಟ್ಟು ಹೋಗುವವಳಲ್ಲ. ಹಾಗಾಗಿ ಅಮ್ಮನೇ ತನ್ನನ್ನು ಹೊರಗೆ ದಬ್ಬಿದಳು ಅಂತ ನಂಬಿಕೊಂಡು ಬರುತ್ತಾಳೆ. ತಲೆ ಬಾಚಲು ಹೋದರೆ ಬಾಚಣಿಗೆ ಕಿತ್ತುಕೊಂಡಳು. ಇದು ನಾನೇ ಮಾಡಿಕೊಂಡದ್ದು, ಬೇಕು ಅಂತಲೇ ಮಾಡಿಕೊಂಡದ್ದು ಅಕ್ಕಾ. ಪುಸ್ತಕದಲ್ಲಿ ಇಂಥ ಉಪಾಯ ಮಾಡಿದವರು ಪುಟ ತಿರುಗಿದ ಕೂಡಲೇ ಬೇರೆ ಕೆಲಸಕ್ಕೆ ಹೋಗುತ್ತಾರೆ. ನಾನು ಎಲ್ಲಿಗೆ ಹೋಗಲಿ?

ಅವಳಿಗೆ ಈಗಲೇ ಏನನ್ನೂ ಹೇಳಬೇಡ. ಹೇಳಿದರೆ ಬ್ಯಾಗು ಎತ್ತಿಕೊಂಡು ವಾಪಸು ಬಂದಾಳು. ಕಾಲೇಜು ಶುರುವಾಗಲಿ, ಗೆಳತಿಯರಾಗಲಿ, ನಗುವುದಕ್ಕೆ ಯಾರ ಮುಖವನ್ನೂ ನೋಡಬೇಕಿಲ್ಲ ಅಂತ ರೂಢಿಯಾಗಲಿ. ಆಮೇಲೆ ಒಂದು ದಿನ ನೋಡಿ ಹೇಳು. ಇವರಿಗೆ ಬರೆಯುವ ಪತ್ರಗಳಲ್ಲಿ ಮಾತ್ರ ಅವಳನ್ನು ಚೆನ್ನಾಗಿ ಬೈದು ಬರೆ. ಸೋಮಾರಿ, ಎದುರು ಮಾತಾಡುತ್ತಾಳೆ, ಇನ್ನೂ ಎರಡು ವರ್ಷ ಇಲ್ಲೇ ಬಿಗಿಯಬೇಕು ಅಂತ. ಓದಿ ಅವರಿಗೂ ಸಮಾಧಾನ, ನನಗೂ ಸಮಾಧಾನ.

ಕೌಂಟರಿನಿಂದ ಕರೆಯುತ್ತಿದ್ದಾರೆ. ಸಾಕು ಮಾಡುತ್ತೇನೆ. ಪುಸ್ತಕ ಕಳಿಸುವುದನ್ನು ನಿಲ್ಲಿಸಬೇಡ.

ನಿನ್ನ ತಂಗಿ

ಮರೆತ ಮಾತು: ಇದು ಮರೆತದ್ದಲ್ಲ, ಈಗಷ್ಟೇ ಆದದ್ದು. ಶುಕ್ರವಾರ ಬೆಳಿಗ್ಗೆ. ಅವಳನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದಾರೆ. ಹೋಗುವಾಗ ಶಟರ್ ಎಳೆದು ಹೊರಗಿನಿಂದ ಬೀಗ ಹಾಕಿದ್ದಾರೆ, ಕಳ್ಳರ ಕಾಟ ಅಂತ. ನನಗೆ ಬೀಗದ ಯೋಚನೆ ಇಲ್ಲ, ರೂಢಿಯಾಗಿದೆ. ಹೊರಡುವಾಗ ಅವಳು ಈ ಕೋಣೆಗೆ ಬಂದಳು. ಅಪ್ಪನಿಗೆ ಕೇಳಿಸುವ ಹಾಗೆ, ನಂಗೆ ಅಮ್ಮ ಇಲ್ಲ ಅಂದ್ಕೋತೀನಿ ಅಂತ ಕಿರುಚಿದಳು. ಕಿರುಚಿ, ತಾನೇ ಯಂತ್ರದ ಗುಂಡಿ ಒತ್ತಿದಳು. ಆ ಸದ್ದಿನಲ್ಲಿ ನನ್ನ ಕುತ್ತಿಗೆಗೆ ಜೋತುಬಿದ್ದು ಕಿವಿಯಲ್ಲಿ ಹೇಳಿದಳು: ಅಮ್ಮಾ, ನೀನೂ ಏನಾದ್ರೂ ದೊಡ್ಡ ತಪ್ಪು ಮಾಡು, ನಿನ್ನನ್ನೂ ಕಳಿಸ್ತಾರೆ. ಇಷ್ಟು ವರ್ಷ ಒಂದೂ ತಪ್ಪಾಗದ ಹಾಗೆ ನೋಡಿಕೊಂಡು ಬಂದವಳು ನಾನು, ನನಗೆ ಒಂದೂ ತೋಚುತ್ತಿಲ್ಲ. ನೀನು ಅಷ್ಟೊಂದು ಓದಿದವಳು. ಹೇಳು ಅಕ್ಕಾ, ಏನು ಮಾಡಲಿ?