ಮೇಜಿಗೆ ಕಟ್ಟಿದ ಥರ್ಮಾಮೀಟರು

ಮಾನ್ಯ ತಪಾಸಣಾಧಿಕಾರಿಗಳೇ,

ಮುಂಡರಗಿ ದಾರಿಯ ಮೇಲಿರುವ ನಮ್ಮೂರಿನ ಸರಕಾರಿ ದವಾಖಾನೆಯಲ್ಲಿ ಇರುವುದು ಒಂದೇ ಥರ್ಮಾಮೀಟರು. ಕಳೆದ ಬೇಸಿಗೆಯಲ್ಲಿ ತಾವು ಅದನ್ನು ಗೇಣುದ್ದ ದಾರದಿಂದ ಮೇಜಿಗೆ ಕಟ್ಟಿಸಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿಸಿ ಹೋದಿರಿ. ಅದನ್ನು ಬಿಚ್ಚಿಸಿರೆಂದು ಕೇಳಲು ಈ ಪತ್ರ.

ಹಿಂದಿನದು ಕಳುವಾಗಿತ್ತು, ನಿಜ. ಅಂಚೆ ಕಚೇರಿಯ ಲೇಖನಿಯನ್ನೂ ಹೀಗೆಯೇ ಕಟ್ಟಿರುತ್ತಾರೆ. ಆದರೆ ಅಲ್ಲಿ ಮೊದಲು ಬರೆದವನ ಅಕ್ಷರ ನಂತರ ಬಂದವನ ಕಾಗದದಲ್ಲಿ ಮೂಡುವುದಿಲ್ಲ. ಥರ್ಮಾಮೀಟರಿನಲ್ಲಿ ಒಮ್ಮೆ ಏರಿದ ಪಾದರಸ ತಾನಾಗಿ ಇಳಿಯದು; ಕೈ ಬೀಸಿ ಜಾಡಿಸಬೇಕು. ಗೇಣುದ್ದ ದಾರದಲ್ಲಿ ಜಾಡಿಸಿದರೆ ಅದು ಮೇಜಿಗೇ ಬಡಿದು ಒಡೆಯುತ್ತದೆ. ಒಡೆದರೆ ನರ್ಸಬಾಯಿಯೇ ಹೊಣೆ ಎಂದು ತಾವು ಎಚ್ಚರಿಸಿದ್ದೀರಿ. ಆದ್ದರಿಂದ ಯಾರೋ ಒಬ್ಬರು ನೂರಾ ಮೂರು ಡಿಗ್ರಿ ಜ್ವರದವರು ಬಂದು ಹೋದರೆ, ಅಂದಿನಿಂದ ಊರಿಗೆಲ್ಲ ನೂರಾ ಮೂರು. ಕಾಲು ಉಳುಕಿದವನಿಗೂ ಅಷ್ಟೇ, ಕಜ್ಜಿಗೆ ಮುಲಾಮು ಕೇಳಲು ಬಂದವನಿಗೂ ಅಷ್ಟೇ. ಇಂಥ ಸಮಾನತೆಯನ್ನು ಸರಕಾರ ಬೇರೆ ಯಾವ ಇಲಾಖೆಯಲ್ಲಿ ಸಾಧಿಸಿದೆ? ಭಾಷಾಂತರವಾಗಿ ಬಂದ ರಷ್ಯದ ಕಾದಂಬರಿಗಳಲ್ಲಿ ಅಧಿಕಾರಿಗಳು ಇಂಥ ಆಜ್ಞೆ ಹೊರಡಿಸುವುದನ್ನು ಓದಿ, ಅನುವಾದಕರು ಎಲ್ಲೋ ಎಡವಿರಬೇಕೆಂದು ಭಾವಿಸಿದ್ದೆ. ಅವರೆಲ್ಲರ ಕ್ಷಮೆ ಕೇಳುತ್ತೇನೆ.

ಆಷಾಢದ ಒಂದು ಬೆಳಿಗ್ಗೆ ನಮ್ಮ ಪಕ್ಕದ ಮನೆಯ, ಗಾದಿ ಹೊಲಿಯುವ ಬುಡ್ಡೇಸಾಬ ತನ್ನ ಮಗಳು ದಾವಲಬಿಯನ್ನು ಹೆಗಲಿಗೆ ಹಾಕಿಕೊಂಡು ದವಾಖಾನೆಗೆ ಹೊರಟ. ಹುಡುಗಿ ನನ್ನ ಶಾಲೆಯವಳು. ನಾನೂ ಜೊತೆಗೆ ಹೋದೆ. ಡಾಕ್ಟರರು ಬರುವುದು ವಾರಕ್ಕೊಮ್ಮೆ. ನರ್ಸಬಾಯಿ ನೀಲಗಂಗವ್ವ ಇದ್ದರು.

"ಹುಡುಗಿ ಮೈ ಕೆಂಡ ಆಗೇತ್ರಿ, ಬಾಯಾರ."

"ಮೇಜಿನ ಕಡೆ ತರ್ರಿ. ಅದೇನ ಎದ್ದ ಬರೂದಿಲ್ಲ."

ನಿಲ್ಲಲಾರದ ಹುಡುಗಿಯನ್ನು ಇಬ್ಬರೂ ಹಿಡಿದು, ಮೇವಿನ ಗೋದಲಿಗೆ ಕರುವನ್ನು ಬಾಗಿಸಿದ ಹಾಗೆ ಬಾಗಿಸಿದೆವು. ನೂರಾ ಮೂರು.

"ಅದು ಸೋಮವಾರದಿಂದ ಹಂಗ ಐತ್ರಿ," ಎಂದರು ಬಾಯಿ. "ಅದರಾಗ ನಾಕ ಕಳದು ತಗೋತೀವಿ. ತೊಂಬತ್ತೊಂಬತ್ತು ಆತು. ಗುಳಿಗಿ ಕೊಡತೀನಿ, ನಡೀರಿ."

"ಒಂದೀಟು ಕೈ ಹಚ್ಚಿ ನೋಡ್ರಿ," ಎಂದ ಬುಡ್ಡೇಸಾಬ.

"ಕೈ ಹಚ್ಚಿದ್ದಕ್ಕ ಬೈಸ್ಕೊಂಡೀನಿ. ಯಂತ್ರ ಇದ್ದಾಗ ಕೈ ಯಾಕ ಅಂದ್ರು ಸಾಹೇಬ್ರು."

ನಾನು ಅದನ್ನು ತೊಳೆಯಿಸಿ ನನ್ನ ಬಾಯಲ್ಲಿಟ್ಟುಕೊಂಡೆ. ನನಗೂ ನೂರಾ ಮೂರು. ಸಾಲಿನಲ್ಲಿ ಕುಳಿತಿದ್ದ ಉಡಚಪ್ಪ, "ರಜಾ ಹಾಕ್ರಿ ಮಾಸ್ತರ, ಹುಡುಗೂರಾದ್ರೂ ಖುಷಿ ಪಡಲಿ," ಎಂದ. ಎಲ್ಲರೂ ನಕ್ಕರು. ನನಗೂ ಎರಡು ಗುಳಿಗೆ ಸಿಕ್ಕವು.

ಸರಕಾರಿ ದವಾಖಾನೆ ಹೇಳಿದ್ದನ್ನು ಬುಡ್ಡೇಸಾಬ ನಂಬಿದ. ನಂಬದೆ ಏನು ಮಾಡಬೇಕಿತ್ತು? ವಾರದ ನಂತರ ಹುಡುಗಿ ಬಡಬಡಿಸತೊಡಗಿದಾಗ ಬಸ್ಸು ಹಿಡಿದು ಗದಗಿಗೆ ಒಯ್ದೆವು. ವಿಷಮಶೀತಜ್ವರ. ಮೊದಲು ನೋಡಿದಾಗ ಎಷ್ಟಿತ್ತು ಎಂದು ಅಲ್ಲಿಯ ಡಾಕ್ಟರರು ಕೇಳಿದರು. ನಡೆದದ್ದನ್ನು ಹೇಳಿದೆ. ಅವರು ಹುಡುಗಿಯ ಹಣೆ ಮುಟ್ಟಿ, "ಅವತ್ತ ಇಕಿಗೆ ಖರೇನ ನೂರಾ ಮೂರ ಇದ್ದೀತು, ಮಾಸ್ತರ," ಎಂದರು.

ಗಮನಿಸಿ, ಮಾನ್ಯರೇ. ತಮ್ಮ ಥರ್ಮಾಮೀಟರು ಒಂದು ದಿನ ನಿಜ ಹೇಳಿತು. ಅಂದು ಅದನ್ನು ನಂಬುವವರು ಆ ಕೋಣೆಯಲ್ಲಿ ಯಾರೂ ಉಳಿದಿರಲಿಲ್ಲ.

ಜೀವ ಉಳಿಯಿತು. ಕಿವಿ ಎರಡೂ ಹೋದವು. ಈಗ ನಾನು ಹಾಜರಿ ಕರೆಯುವಾಗ ಅವಳ ಹೆಸರು ಬಂದರೆ ಪಕ್ಕದ ಹುಡುಗಿ ಮೊಣಕೈ ಮುಟ್ಟುತ್ತಾಳೆ. ದಾವಲಬಿ ಎದ್ದು ನಿಂತು, "ಹಾಜರ್ ರೀ" ಎನ್ನುತ್ತಾಳೆ, ಬೇಕಾದ್ದಕ್ಕಿಂತ ಬಹಳ ಜೋರಾಗಿ. ಮೊದಮೊದಲು ಮಕ್ಕಳು ನಗುತ್ತಿದ್ದರು. ಈಗ ನಗುವುದಿಲ್ಲ.

ಕಳ್ಳರ ಭಯವಿದ್ದರೆ ಕಪಾಟು ಕೊಡಿಸಿ, ಕೀಲಿ ಹಾಕಿಸಿ, ಬಾಗಿಲಿಗೆ ಪೊಲೀಸರನ್ನು ನಿಲ್ಲಿಸಿ. ಆ ದಾರವನ್ನು ಮಾತ್ರ ಈ ವಾರವೇ ಬಂದು ಸ್ವತಃ ಕತ್ತರಿಸಿ. ಬಂದಾಗ ನಮ್ಮ ಶಾಲೆಗೂ ಒಂದು ಗಳಿಗೆ ಬನ್ನಿ. ಕಟ್ಟಿಸಿದ್ದು ಯಾಕೆಂದು ದಾವಲಬಿಗೆ ತಾವೇ ಹೇಳಿ. ಅವಳಿಗೆ ಕೇಳಿಸುವ ಹಾಗೆ ಹೇಳಲು ನನಗೆ ಬರುತ್ತಿಲ್ಲ.

ಇಂತಿ,
ಅವಳ ಹೆಸರನ್ನು ಈಗಲೂ ದಿನವೂ ಕೂಗಿ ಕರೆಯುವ,
ಊರಿನ ಶಾಲಾ ಮಾಸ್ತರ